ಗ್ರೇಟಿಂಗ್‌ನ ತರಂಗಾಂತರ ಸರಿಸಬೇಕಾ? ಎಳೆಯಬೇಡಿ, ಒತ್ತಿ

ಪ್ರಶ್ನೆ: ನಾನು ಎಂ.ಟೆಕ್ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಎರ್ಬಿಯಂ ಫೈಬರ್ ರಿಂಗ್ ಲೇಸರ್ ಕಟ್ಟಿದ್ದೇವೆ. ಅದರ ತರಂಗಾಂತರ ಆರಿಸಲು 1550 ನ್ಯಾನೊಮೀಟರ್‌ನ ಒಂದು ಫೈಬರ್ ಬ್ರಾಗ್ ಗ್ರೇಟಿಂಗ್ ಇತ್ತು, ಉದ್ದ 10 ಮಿ.ಮೀ. ಲೇಸರ್ ಒಟ್ಟು 10 ನ್ಯಾನೊಮೀಟರ್ ಓಡಾಡಬೇಕು ಅಂತ ಗೈಡ್ ಹೇಳಿದ್ದಾರೆ. ಹಾಟ್‌ಪ್ಲೇಟ್ ಮೇಲಿಟ್ಟು 25ರಿಂದ 75 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದೆವು. ಅರ್ಧ ನ್ಯಾನೊಮೀಟರ್ ಅಷ್ಟೇ ಸರಿಯಿತು. ಆಮೇಲೆ ಎರಡು ಸ್ಟೇಜ್‌ಗಳ ನಡುವೆ ಅಂಟಿಸಿ ಎಳೆದೆವು. 3 ನ್ಯಾನೊಮೀಟರ್ ಬರುವಷ್ಟರಲ್ಲಿ ಪಟ್ ಅಂತ ತುಂಡಾಯಿತು. ಇನ್ನೊಂದು ಗ್ರೇಟಿಂಗ್ ತರಿಸುವ ಮುಂಚೆ ಕೇಳುತ್ತಿದ್ದೇನೆ. ಯಾವ ವಿಧಾನ ಹಿಡಿಯಲಿ?

ಉತ್ತರ: ಗ್ರೇಟಿಂಗ್ ತುಂಡಾದದ್ದು ಬೇಜಾರಿನ ವಿಷಯವೇ. ಆದರೆ ನಿಮ್ಮ ಅಳತೆಗಳು ಚೆನ್ನಾಗಿವೆ. ಬಿಸಿಯಿಂದ ಬಂದ ಅರ್ಧ ನ್ಯಾನೊಮೀಟರ್ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. 3 ನ್ಯಾನೊಮೀಟರ್‌ಗೆ ತುಂಡಾದದ್ದಕ್ಕೂ ಕಾರಣ ಇದೆ. ಅದನ್ನು ತಿಳಿದುಕೊಂಡರೆ ಮುಂದೆ ಏನು ಮಾಡಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಗ್ರೇಟಿಂಗ್ ಅಂದರೆ ಫೈಬರ್‌ನ ಒಳತಿರುಳಿನಲ್ಲಿ ಸಾಲಾಗಿ ಕೂತ ಸಣ್ಣ ಸಣ್ಣ ಪಟ್ಟಿಗಳು. ಒಂದು ಪಟ್ಟಿಯಲ್ಲಿ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ನಿಧಾನಿಸುತ್ತದೆ ಅನ್ನುವ ಸಂಖ್ಯೆ) ಒಂದು ಚೂರು ಜಾಸ್ತಿ, ಮುಂದಿನದರಲ್ಲಿ ಕಡಿಮೆ, ಮತ್ತೆ ಜಾಸ್ತಿ. ಪ್ರತಿ ಪಟ್ಟಿಯೂ ಬೆಳಕನ್ನು ತೀರಾ ಸ್ವಲ್ಪ ಹಿಂದಕ್ಕೆ ಕಳಿಸುತ್ತದೆ. ಒಂದು ತರಂಗಾಂತರದಲ್ಲಿ ಮಾತ್ರ ಈ ಚೂರುಪಾರು ಬೆಳಕೆಲ್ಲ ತಾಳ ತಪ್ಪದೆ ಸೇರಿಕೊಳ್ಳುತ್ತದೆ. ಆ ತರಂಗಾಂತರ = 2 × ಸೂಚ್ಯಂಕ × ಪಟ್ಟಿಗಳ ಅಂತರ. ಸೂಚ್ಯಂಕ ಸುಮಾರು 1.447, ಅಂತರ ಸುಮಾರು 535 ನ್ಯಾನೊಮೀಟರ್ ಇದ್ದರೆ 1550ರ ಹತ್ತಿರ ಬರುತ್ತದೆ. ಹರಳುಗಳಲ್ಲಿ ಎಕ್ಸ್-ರೇ ಹಿಂದಿರುಗುವುದಕ್ಕೆ ಲಾರೆನ್ಸ್ ಬ್ರಾಗ್ 1912ರಲ್ಲಿ ಕೊಟ್ಟ ನಿಯಮವೇ ಇದು. ಅದಕ್ಕೇ ಈ ಹೆಸರು.

ಸೂತ್ರದಲ್ಲಿ ನಾವು ಕೈ ಹಾಕಬಹುದಾದದ್ದು ಎರಡೇ. ಸೂಚ್ಯಂಕ, ಇಲ್ಲವೇ ಅಂತರ. ಯಾವ ವಿಧಾನದ ಬಗ್ಗೆ ಓದಿದರೂ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ಇದು ಎರಡರಲ್ಲಿ ಯಾವುದನ್ನು ಅಲುಗಾಡಿಸುತ್ತಿದೆ, ಎಷ್ಟು?

ಬಿಸಿ ಮಾಡಿದಾಗ ಅಂತರ ಹಿಗ್ಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಿಗ್ಗುವುದೇನೋ ನಿಜ, ಆದರೆ ಅತ್ಯಲ್ಪ. ಸಿಲಿಕಾ ಗಾಜು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 0.55 ಪಾಲು ಮಾತ್ರ ಹಿಗ್ಗುತ್ತದೆ. 1550ರಲ್ಲಿ ಅದರಿಂದ ಸಿಗುವುದು ಡಿಗ್ರಿಗೆ 1 ಪಿಕೊಮೀಟರ್‌ಗಿಂತ ಕಡಿಮೆ. ಉಳಿದದ್ದು ಬಿಸಿಗೆ ಸೂಚ್ಯಂಕ ಏರುವುದರಿಂದ ಬರುತ್ತದೆ. ಎರಡೂ ಸೇರಿ ಡಿಗ್ರಿಗೆ ಸುಮಾರು 10 ಪಿಕೊಮೀಟರ್. 50 ಡಿಗ್ರಿಗೆ 500 ಪಿಕೊಮೀಟರ್, ಅಂದರೆ ಅರ್ಧ ನ್ಯಾನೊಮೀಟರ್. ನೀವು ಕಂಡದ್ದು ಇದೇ ಅಲ್ವಾ?

ಈ ದಾರಿಯಲ್ಲೇ 10 ನ್ಯಾನೊಮೀಟರ್ ಬೇಕು ಅಂದರೆ ಸುಮಾರು ಸಾವಿರ ಡಿಗ್ರಿ ಏರಿಸಬೇಕು. ಫೈಬರ್‌ನ ಅಕ್ರಿಲೇಟ್ ಹೊದಿಕೆ ಸಾಮಾನ್ಯವಾಗಿ 85 ಡಿಗ್ರಿಯವರೆಗೆ ಮಾತ್ರ. ಮಾಮೂಲಿ ಗ್ರೇಟಿಂಗ್ ಕೂಡ ಕೆಲವು ನೂರು ಡಿಗ್ರಿ ದಾಟಿದರೆ ಮಾಸುತ್ತಾ ಹೋಗುತ್ತದೆ. ಫೈಬರನ್ನು ಅಲ್ಯೂಮಿನಿಯಂ ಪಟ್ಟಿಗೆ ಉದ್ದಕ್ಕೂ ಗಟ್ಟಿಯಾಗಿ ಅಂಟಿಸಿದರೆ ಸ್ವಲ್ಪ ಲಾಭ ಇದೆ. ಅಲ್ಯೂಮಿನಿಯಂ ಗಾಜಿಗಿಂತ ಸುಮಾರು 40 ಪಟ್ಟು ಜಾಸ್ತಿ ಹಿಗ್ಗುತ್ತದೆ, ಫೈಬರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆಗ ಡಿಗ್ರಿಗೆ 37 ಪಿಕೊಮೀಟರ್ ಆಸುಪಾಸು ಸಿಗುತ್ತದೆ. ಕೆಳಗೊಂದು ಪೆಲ್ಟಿಯರ್ (ವಿದ್ಯುತ್ತಿನಿಂದ ಬಿಸಿ–ತಂಪು ಮಾಡುವ ಬಿಲ್ಲೆ) ಇಟ್ಟು 0ಯಿಂದ 60 ಡಿಗ್ರಿ ಓಡಿಸಿದರೆ 2 ನ್ಯಾನೊಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಚಲಿಸುವ ಭಾಗ ಇಲ್ಲ, ಸದ್ದಿಲ್ಲ, ಗ್ರೇಟಿಂಗ್ ಉದ್ದಕ್ಕೂ ಬಿಸಿ ಒಂದೇ ಸಮ ಇದ್ದರೆ ಪ್ರತಿಫಲನದ ಆಕಾರವೂ ಕೆಡುವುದಿಲ್ಲ. ಸಣ್ಣ ತಿದ್ದುಪಡಿಗೆ ನಾನು ಈಗಲೂ ಮೊದಲು ನೋಡುವುದು ಬಿಸಿಯನ್ನೇ. ನಿಮ್ಮ 10 ನ್ಯಾನೊಮೀಟರ್‌ಗೆ ಮಾತ್ರ ಅದು ಸಾಲದು.

ಇನ್ನು ಎಳೆಯುವುದು. ಇದು ಗ್ರೇಟಿಂಗ್‌ನಷ್ಟೇ ಹಳೆಯ ವಿಧಾನ. 1978ರಲ್ಲಿ ಕೆನಡಾದ ಕೆನ್ ಹಿಲ್ ಮತ್ತು ಸಂಗಡಿಗರು ಜರ್ಮೇನಿಯಂ ಸೇರಿದ ಫೈಬರ್‌ಗೆ ಆರ್ಗಾನ್ ಲೇಸರ್ ಬಿಟ್ಟಾಗ, ಹಿಂದಿರುಗುವ ಬೆಳಕು ನಿಮಿಷ ನಿಮಿಷಕ್ಕೂ ಜಾಸ್ತಿಯಾಗುವುದನ್ನು ಕಂಡರು. ಒಳಗೆ ತಾನಾಗಿಯೇ ಒಂದು ಗ್ರೇಟಿಂಗ್ ಬೆಳೆಯುತ್ತಿತ್ತು. ಅದು ಹಿಂದಿರುಗಿಸುವ ತರಂಗಾಂತರಗಳ ವ್ಯಾಪ್ತಿ ಎಷ್ಟು ಕಿರಿದು ಅಂತ ಅಳೆಯಲು ಅವರ ಕೈಯಲ್ಲಿದ್ದ ಲೇಸರ್ ಒಂದೇ ತರಂಗಾಂತರದ್ದು. ಲೇಸರನ್ನು ಸರಿಸಲಾಗದೆ ಅವರು ಗ್ರೇಟಿಂಗನ್ನೇ ಸರಿಸಿದರು, ಫೈಬರನ್ನು ಎಳೆದು, ಬಿಸಿ ಮಾಡಿ. ನೀವು ಮಾಡಿದ ಎರಡೂ ಪ್ರಯೋಗಗಳು ಈ ಕ್ಷೇತ್ರದ ಮೊದಲ ಪ್ರಯೋಗಗಳೇ ಅಂತ ತಿಳಿದರೆ ನಿಮಗೆ ಖುಷಿಯಾಗಬಹುದು.

ಎಳೆದಾಗ ಪಟ್ಟಿಗಳ ಅಂತರ ಜಾಸ್ತಿಯಾಗುತ್ತದೆ. ಹಾರ್ಮೋನಿಯಂ ತಿದಿಯನ್ನು ಬಿಚ್ಚಿದಾಗ ಮಡಿಕೆಗಳು ದೂರ ಸರಿಯುತ್ತವಲ್ಲ, ಹಾಗೆ. ಅದೇ ಹೊತ್ತಿಗೆ ಎಳೆತದಿಂದಾಗಿ ಗಾಜಿನ ಸೂಚ್ಯಂಕ ಸ್ವಲ್ಪ ಇಳಿಯುತ್ತದೆ. ಅಂತರದಿಂದ ಬಂದ ಲಾಭದಲ್ಲಿ ಸುಮಾರು 22% ಇದಕ್ಕೆ ಹೋಗುತ್ತದೆ. ಉಳಿದ 78% ನಮ್ಮದು. 1550ರಲ್ಲಿ ಲೆಕ್ಕ ಹೀಗೆ: ಉದ್ದ ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾದರೆ 1.2 ಪಿಕೊಮೀಟರ್. 1% ಬದಲಾದರೆ 12 ನ್ಯಾನೊಮೀಟರ್. ನಿಮಗೆ ಬೇಕಾದ 10ಕ್ಕೆ 0.83% ಸಾಕು.

ಕೇಳಲು ಸಲೀಸು ಅನ್ನಿಸುತ್ತದೆ. ಫೈಬರ್‌ನ ವ್ಯಾಸ 125 ಮೈಕ್ರಾನ್, 1% ಎಳೆಯಲು ಸುಮಾರು 900 ಗ್ರಾಂ ತೂಕದಷ್ಟು ಬಲ ಸಾಕು. ಕಾರ್ಖಾನೆಯಿಂದ ಬರುವ ಸಂಪರ್ಕ ಫೈಬರನ್ನು ಮೀಟರ್ ಮೀಟರ್‌ಗೂ ಹೆಚ್ಚುಕಡಿಮೆ ಇಷ್ಟೇ ಎಳೆದು ಪರೀಕ್ಷಿಸಿರುತ್ತಾರೆ. ಹಾಗಿದ್ದೂ ನಿಮ್ಮದು 0.25%ಕ್ಕೇ, ಅಂದರೆ ಬರೀ 225 ಗ್ರಾಂ ತೂಕಕ್ಕೇ ತುಂಡಾಯಿತು. ಯಾಕೆ?

ಗ್ರೇಟಿಂಗನ್ನು ಅತಿನೇರಳೆ ಲೇಸರ್‌ನಿಂದ ಬರೆಯುವಾಗ ಸಾಮಾನ್ಯವಾಗಿ ಆ ಜಾಗದ ಹೊದಿಕೆ ತೆಗೆಯುತ್ತಾರೆ. ಅತಿನೇರಳೆ ಬೆಳಕು ಹೊದಿಕೆ ದಾಟಿ ಒಳಗೆ ಹೋಗುವುದಿಲ್ಲ. ಬ್ಲೇಡಿನಂಥ ಸ್ಟ್ರಿಪ್ಪರ್‌ನಿಂದ ತೆಗೆದರೆ ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಗಾಜು ತಾನಾಗಿ ಬಲಹೀನ ವಸ್ತುವಲ್ಲ. ಗೀರು ಬಿದ್ದ ಗಾಜು ಬಲಹೀನ. ಎಳೆದಾಗ ಆ ಗೀರಿನ ತುದಿಯಲ್ಲಿ ಎಳೆತ ಪೂರ್ತಿ ಒಟ್ಟಾಗುತ್ತದೆ. ಗಾಳಿಯ ತೇವ ಅಲ್ಲಿಗೆ ನುಗ್ಗಿ ಸಿಲಿಕಾನ್–ಆಮ್ಲಜನಕದ ಬಂಧಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಹಾಗಾಗಿ ಇವತ್ತು ತಡೆದ ಫೈಬರ್, ಅದೇ ಎಳೆತದಲ್ಲಿ ಬಿಟ್ಟರೆ ನಾಳೆ ಬೆಳಿಗ್ಗೆ ತಾನಾಗಿ ಮುರಿದಿರಬಹುದು. ಮಳೆಗಾಲದಲ್ಲಿ ಇದು ಜಾಸ್ತಿ. ಲೇಸರ್‌ಗೆ ಒಡ್ಡಿದ್ದರಿಂದಲೂ ಬಲ ಒಂದಿಷ್ಟು ಇಳಿಯುತ್ತದೆ.

ಎಳೆಯುವುದೇ ಅನಿವಾರ್ಯ ಆದರೆ ರಾಸಾಯನಿಕದಲ್ಲಿ ಹೊದಿಕೆ ಕರಗಿಸಿದ ಗ್ರೇಟಿಂಗ್ ಕೇಳಿ. ಇಲ್ಲವೇ ಫೈಬರ್ ಎಳೆಯುವ ಗೋಪುರದಲ್ಲೇ, ಹೊದಿಕೆ ಹಾಕುವ ಮೊದಲೇ ಬರೆದದ್ದನ್ನು ಕೇಳಿ. ಫೆಮ್ಟೊಸೆಕೆಂಡ್ ಲೇಸರ್‌ನಿಂದ ಹೊದಿಕೆಯ ಮೂಲಕವೇ ಬರೆದದ್ದೂ ಸಿಗುತ್ತದೆ. ಇವು ಹಲವು ಪಟ್ಟು ಗಟ್ಟಿ. ಬೆಲೆಯೂ ಜಾಸ್ತಿ.

ಆದರೆ ನಿಮಗೆ ಎಳೆಯುವ ಅಗತ್ಯವೇ ಇಲ್ಲ. ಒತ್ತಿ.

ಎಳೆದರೆ ಗೀರಿನ ಬಾಯಿ ತೆರೆಯುತ್ತದೆ. ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಇಷ್ಟೇ ವ್ಯತ್ಯಾಸ, ಆದರೆ ಪರಿಣಾಮ ದೊಡ್ಡದು. ಸಿಲಿಕಾ ಎಳೆತಕ್ಕಿಂತ ಒತ್ತಡದಲ್ಲಿ ಸುಮಾರು 23 ಪಟ್ಟು ಗಟ್ಟಿ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಲೆಕ್ಕ. 1994ರಲ್ಲಿ ಬಾಲ್ ಮತ್ತು ಮೋರೆ ಅನ್ನುವವರು ಗ್ರೇಟಿಂಗನ್ನು ಒತ್ತಿಯೇ ಒಂದು ಫೈಬರ್ ಲೇಸರನ್ನು 32 ನ್ಯಾನೊಮೀಟರ್ ಸರಿಸಿ ತೋರಿಸಿದರು. 2003ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ 110 ನ್ಯಾನೊಮೀಟರ್ ಮುಟ್ಟಿತು. ಮೇಲಿನ ಲೆಕ್ಕ ಹಾಕಿ ನೋಡಿ, ಗಾಜು ಸುಮಾರು 9% ಕುಗ್ಗಿದ ಹಾಗಾಯಿತು. ಗಾಜು ಅಷ್ಟು ಕುಗ್ಗಿಯೂ ಒಡೆಯದೆ ಉಳಿಯುತ್ತದೆ ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಆಶ್ಚರ್ಯ.

ಒತ್ತುವುದರಲ್ಲಿ ಒಂದೇ ತೊಡಕು. ಫೈಬರ್ ಕೂದಲಿನಂಥದ್ದು. ಎರಡೂ ತುದಿ ಹಿಡಿದು ಒತ್ತಿದರೆ ಕುಗ್ಗುವ ಬದಲು ಬಳುಕಿಬಿಡುತ್ತದೆ. ಎಷ್ಟಕ್ಕೆ ಬಳುಕುತ್ತದೆ ಅಂತ ಆಯ್ಲರ್ ಸೂತ್ರ ಹೇಳುತ್ತದೆ. 10 ಮಿ.ಮೀ. ಉದ್ದದ ಫೈಬರನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಹಿಡಿದಿದ್ದರೂ ಸುಮಾರು 35 ಗ್ರಾಂ ತೂಕಕ್ಕೇ ಬಳುಕುತ್ತದೆ. ಅಷ್ಟರಲ್ಲಿ ಸರಿದಿರುವುದು ಅರ್ಧ ನ್ಯಾನೊಮೀಟರ್‌ಗೂ ಕಡಿಮೆ. ನಿಮಗೆ ಬೇಕಾದದ್ದು 750 ಗ್ರಾಂನಷ್ಟು. ಆದ್ದರಿಂದ ಫೈಬರನ್ನು ಪಕ್ಕಕ್ಕೆ ಹೋಗದಂತೆ ಸುತ್ತಲೂ ಹಿಡಿದುಕೊಳ್ಳಬೇಕು.

ಇದಕ್ಕೆ ಎರಡು ದಾರಿ. ಒಂದು, ಕನೆಕ್ಟರ್‌ಗಳಲ್ಲಿರುವಂಥ ಸೆರಾಮಿಕ್ ಫೆರೂಲ್‌ಗಳ (ಸಣ್ಣ ಕೊಳವೆಗಳ) ತೂತಿನೊಳಗೆ ಫೈಬರ್ ಜಾರುವಂತೆ ಮಾಡಿ ತುದಿಯಿಂದ ಒತ್ತುವುದು. ತೂತು ಫೈಬರ್‌ಗಿಂತ ಒಂದೆರಡು ಮೈಕ್ರಾನ್ ಮಾತ್ರ ದೊಡ್ಡದಿರಬೇಕು, ಫೆರೂಲ್‌ಗಳು ಒಂದೇ ಸಾಲಿನಲ್ಲಿರಬೇಕು, ಒಳಗೆ ಎಲ್ಲೂ ಉಜ್ಜಿ ನಿಲ್ಲಬಾರದು. ಚೆನ್ನಾಗಿ ಮಾಡಿದರೆ ವೇಗವಾಗಿ ಓಡುತ್ತದೆ. ಆದರೆ ಕುಶಲ ಮೆಕ್ಯಾನಿಕ್ ಇಲ್ಲದ ಕಾಲೇಜು ಲ್ಯಾಬ್‌ನಲ್ಲಿ ಇದನ್ನು ಹಿಡಿಯಬೇಡಿ.

ಇನ್ನೊಂದು, ಫೈಬರನ್ನು ಒಂದು ಬಾಗುವ ಪಟ್ಟಿಗೆ ಅಂಟಿಸಿ ಆ ಪಟ್ಟಿಯನ್ನೇ ಬಾಗಿಸುವುದು. ನಿಮಗೆ ನಾನು ಹೇಳುವುದು ಇದನ್ನೇ. ಬಿದಿರಿನ ದಬ್ಬೆ ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಹಿಗ್ಗದೆ ಕುಗ್ಗದೆ ಇರುತ್ತದೆ. ಆ ನಡುಪದರದಿಂದ ಫೈಬರ್ ಎಷ್ಟು ದೂರ ಇದೆಯೋ ಅದನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿ. ಅದೇ ಕುಗ್ಗಿದ ಪ್ರಮಾಣ. ಫೈಬರ್ 3 ಮಿ.ಮೀ. ದೂರದಲ್ಲಿದ್ದು ತ್ರಿಜ್ಯ 360 ಮಿ.ಮೀ. ಆದರೆ 0.83%. ನಿಮ್ಮ 10 ನ್ಯಾನೊಮೀಟರ್ ಅಲ್ಲಿಗೆ ಬಂತು. ಫೈಬರ್ ಪಟ್ಟಿಯೊಳಗೆ ಅಂಟಿಕೊಂಡಿರುವುದರಿಂದ ಬಳುಕಲು ಜಾಗವೇ ಇಲ್ಲ.

ಬರೀ ಉಕ್ಕಿನ ಪಟ್ಟಿಯ ಮೇಲ್ಮೈಗೆ ಅಂಟಿಸಿದರೆ ಸಾಲದಾ ಅಂತ ನೀವು ಕೇಳಬಹುದು. ಸಾಲದು. ಉಕ್ಕಿನ ಮೈ 0.8% ಕುಗ್ಗಬೇಕು ಅಂದರೆ ಒಳ್ಳೆಯ ಸ್ಪ್ರಿಂಗ್ ಉಕ್ಕೂ ತನ್ನ ಮಿತಿಯ ಅಂಚಿಗೆ ಬರುತ್ತದೆ, ಬಾಗಿದ್ದು ಬಾಗಿದಂತೆಯೇ ಉಳಿದುಬಿಡಬಹುದು. ಅದಕ್ಕೆ ಉಕ್ಕು ತೆಳ್ಳಗಿರಲಿ, ಅದರ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಪದರ ಇರಲಿ, ಫೈಬರ್ ಆ ಪದರದಲ್ಲಿ ಕೂರಲಿ. ಉಕ್ಕು ಮತ್ತೆ ಮತ್ತೆ ನೆಟ್ಟಗಾಗುವ ಕೆಲಸ ನೋಡಿಕೊಳ್ಳುತ್ತದೆ. ಪ್ಲಾಸ್ಟಿಕ್ ಬರೀ ದೂರ ಕೊಡುತ್ತದೆ.

ಅಳತೆ ಹೀಗಿಡಿ. 0.3 ಮಿ.ಮೀ. ದಪ್ಪದ ಸ್ಪ್ರಿಂಗ್ ಉಕ್ಕು, ಅದರ ಮೇಲೆ 4 ಮಿ.ಮೀ. ಪಾಲಿಕಾರ್ಬೊನೇಟ್, ಅಗಲ 8 ಮಿ.ಮೀ., ಉದ್ದ 170 ಮಿ.ಮೀ. ಅಕ್ರಿಲಿಕ್ ಬೇಡ, ಬಿರುಕು ಬಿಡುತ್ತದೆ. ಉಕ್ಕು ಗಡಸಾದ್ದರಿಂದ ನಡುಪದರ ಅದರ ಹತ್ತಿರವೇ ಇರುತ್ತದೆ, ಪ್ಲಾಸ್ಟಿಕ್‌ನೊಳಗೆ ಸುಮಾರು 0.15 ಮಿ.ಮೀ. ಸರಿದಿರುತ್ತದೆ ಅಷ್ಟೇ. ಹಾಗಾಗಿ ಮೇಲಿನಿಂದ ಸುಮಾರು 0.8 ಮಿ.ಮೀ. ಆಳದ ಒಂದು ನೇರ ತೋಡು ಕೊರೆದು ಅದರ ತಳದಲ್ಲಿ ಫೈಬರ್ ಮಲಗಿಸಿದರೆ 3 ಮಿ.ಮೀ. ದೂರ ಸಿಗುತ್ತದೆ.

ಬಾಗಿಸುವ ಬಗೆ ತುಂಬಾ ಮುಖ್ಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ನನ್ನ ಮೊದಲ ಪ್ರಯತ್ನ ಇಲ್ಲೇ ಕೆಟ್ಟಿತ್ತು. ಎರಡು ತುದಿಗೆ ಆಸರೆ ಕೊಟ್ಟು ನಡುವೆ ಮೈಕ್ರೊಮೀಟರ್‌ನಿಂದ ಒತ್ತಿದ್ದೆ. ತರಂಗಾಂತರ ಚೆನ್ನಾಗಿಯೇ ಸರಿಯಿತು. ಆದರೆ ಚೂಪಾಗಿದ್ದ ಪ್ರತಿಫಲನ ಸರಿದಷ್ಟೂ ಅಗಲವಾಗುತ್ತಾ, ಎತ್ತರ ಕಳೆದುಕೊಳ್ಳುತ್ತಾ ಹೋಯಿತು. ಗ್ರೇಟಿಂಗೇ ಕೆಟ್ಟದ್ದು ಅಂತ ವಾರಗಟ್ಟಲೆ ನಂಬಿದ್ದೆ. ಗ್ರೇಟಿಂಗ್ ಸರಿಯಾಗಿಯೇ ಇತ್ತು. ಮೂರು ಬಿಂದುಗಳಲ್ಲಿ ಬಾಗಿಸಿದರೆ ಬಾಗು ನಡುವಿನಲ್ಲಿ ಗರಿಷ್ಠ, ಅಲ್ಲಿಂದ ಎರಡೂ ಕಡೆ ಸಮನಾಗಿ ಇಳಿಯುತ್ತದೆ. 150 ಮಿ.ಮೀ. ಅಂತರದ ಆಸರೆಗಳ ನಡುವೆ 10 ಮಿ.ಮೀ. ಗ್ರೇಟಿಂಗ್ ಇದ್ದರೆ ಅದರ ತುದಿಯಲ್ಲಿ ಬಾಗು ನಡುವಿಗಿಂತ ಸುಮಾರು 6.7% ಕಡಿಮೆ. 10 ನ್ಯಾನೊಮೀಟರ್ ಸರಿಸಿದಾಗ ನಡು ಮತ್ತು ತುದಿಗೆ 0.67 ನ್ಯಾನೊಮೀಟರ್ ವ್ಯತ್ಯಾಸ. ಗ್ರೇಟಿಂಗ್‌ನ ಪ್ರತಿಫಲನದ ಸ್ವಂತ ಅಗಲ 0.1–0.2 ನ್ಯಾನೊಮೀಟರ್ ಆಸುಪಾಸು ಮಾತ್ರ. ಒಂದೇ ಗ್ರೇಟಿಂಗ್ ಉದ್ದಕ್ಕೂ ಬೇರೆ ಬೇರೆ ತರಂಗಾಂತರ ಹೇಳತೊಡಗಿದರೆ ಆಕಾರ ಉಳಿಯುವುದು ಹೇಗೆ?

ಪ್ರತಿಫಲನದ ಶಿಖರ ಸರಿದರೆ ಸಾಲದು, ಆಕಾರ ಕೆಡದೆ ಸರಿಯಬೇಕು. ನಿಮ್ಮ ಲೇಸರ್‌ಗಂತೂ ಇದು ಪ್ರಾಣ. ಪ್ರತಿಫಲನ ಅಗಲವಾದರೆ ಲೇಸರ್ ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ಒಂದು ಕಡೆಯಿಂದ ಇನ್ನೊಂದು ಕಡೆ ಜಿಗಿಯುತ್ತಿರುತ್ತದೆ.

ಪರಿಹಾರ ಸರಳ. ನಾಲ್ಕು ಬಿಂದುಗಳಲ್ಲಿ ಬಾಗಿಸಿ. ಹೊರಗಿನ ಎರಡು ರೋಲರ್ 150 ಮಿ.ಮೀ. ಅಂತರದಲ್ಲಿ, ಉಕ್ಕಿನ ಕಡೆ. ಒಳಗಿನ ಎರಡು ರೋಲರ್ 50 ಮಿ.ಮೀ. ಅಂತರದಲ್ಲಿ, ಪ್ಲಾಸ್ಟಿಕ್ ಕಡೆ. ಒಳಗಿನ ಎರಡನ್ನು ಒಂದೇ ತುಂಡಿಗೆ ಕೂರಿಸಿ ಮೈಕ್ರೊಮೀಟರ್‌ನಿಂದ ತಳ್ಳಿ. ಆಗ ಒಳಗಿನ ರೋಲರ್‌ಗಳ ನಡುವೆ ಬಾಗು ಎಲ್ಲ ಕಡೆ ಒಂದೇ, ಪಟ್ಟಿ ವೃತ್ತದ ತುಣುಕಾಗುತ್ತದೆ. ಗ್ರೇಟಿಂಗ್ ಸರಿಯಾಗಿ ಆ ನಡುವೆ ಇರಬೇಕು. ನನ್ನ ಲೆಕ್ಕದಲ್ಲಿ ಪೂರ್ತಿ 10 ನ್ಯಾನೊಮೀಟರ್‌ಗೆ ರೋಲರ್‌ಗಳು ಸುಮಾರು 5.8 ಮಿ.ಮೀ. ಸರಿಯಬೇಕು. ಮೈಕ್ರೊಮೀಟರ್‌ನ 10 ಮೈಕ್ರಾನ್‌ನ ಒಂದು ಗೆರೆಗೆ 17 ಪಿಕೊಮೀಟರ್. ಬೇಕಾಗುವ ಬಲ 5 ಕೆ.ಜಿ. ತೂಕದ ಹತ್ತಿರ, ಒಳ್ಳೆಯ ಮೈಕ್ರೊಮೀಟರ್ ಹೆಡ್ ಸುಲಭವಾಗಿ ತಡೆಯುತ್ತದೆ.

ಪಟ್ಟಿಯ ಎರಡು ತುದಿ ಒಳಕ್ಕೆ ತಳ್ಳಿ ಬಿಲ್ಲಿನಂತೆ ಬಾಗಿಸುವುದೂ ಉಂಟು. ನೋಡಲು ಚೆಂದ, ಕಟ್ಟುವುದೂ ಸುಲಭ. ಆಕಾರವೂ ಅಷ್ಟು ಕೆಡುವುದಿಲ್ಲ, ಮೇಲಿನ ಅಳತೆಗೆ ನಡು–ತುದಿ ವ್ಯತ್ಯಾಸ 0.06 ನ್ಯಾನೊಮೀಟರ್ ಒಳಗೇ ಇರುತ್ತದೆ. ಆದರೆ ತಳ್ಳಿದ ದೂರಕ್ಕೂ ತರಂಗಾಂತರಕ್ಕೂ ನೇರ ಸಂಬಂಧ ಇಲ್ಲ. ಅದು ದೂರದ ವರ್ಗಮೂಲದಂತೆ ಹೋಗುತ್ತದೆ. ಶುರುವಿನಲ್ಲಿ ಸ್ವಲ್ಪ ಮುಟ್ಟಿದರೂ ಎಗರುತ್ತದೆ, ಆಮೇಲೆ ನಿಧಾನ. ಒಟ್ಟು ಓಟವೇ 0.65 ಮಿ.ಮೀ. ಇರುವುದರಿಂದ ಕೈಯಲ್ಲಿ ಹಿಡಿತ ಸಿಗುವುದು ಕಷ್ಟ. ಸ್ಟೆಪ್ಪರ್ ಮೋಟಾರ್ ಹಾಕಿ ಕಂಪ್ಯೂಟರ್‌ನಲ್ಲಿ ಓಡಿಸುವುದಾದರೆ ಅಡ್ಡಿಯಿಲ್ಲ.

ಒಂದು ತುದಿ ಬಿಗಿದು ಇನ್ನೊಂದು ತುದಿ ಒತ್ತುವ ತೊಲೆಯನ್ನೂ ಲೇಖನಗಳಲ್ಲಿ ನೋಡಿರುತ್ತೀರಿ. ಅದರಲ್ಲಿ ಬಾಗು ಬುಡದಲ್ಲಿ ಜಾಸ್ತಿ, ತುದಿಯಲ್ಲಿ ಸೊನ್ನೆ. ಬೇಕೆಂದೇ ಗ್ರೇಟಿಂಗನ್ನು ಹಾಗೆ ಹರಡಲು ಅದನ್ನು ಬಳಸುತ್ತಾರೆ. ದೂರದ ಫೈಬರ್ ದಾರಿಯಲ್ಲಿ ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ಹೊತ್ತಿಗೆ ತಲುಪುವ ತೊಂದರೆಯನ್ನು ಸರಿಪಡಿಸಲು ಅದು ಒಳ್ಳೆಯ ಉಪಾಯ. ತೊಲೆಯನ್ನು ತ್ರಿಕೋನದಂತೆ ಕತ್ತರಿಸಿದರೆ ಬಾಗು ಉದ್ದಕ್ಕೂ ಸಮನಾಗುತ್ತದೆ, ಆಗ ನಿಮ್ಮ ಕೆಲಸಕ್ಕೂ ಬಂದೀತು.

ಅಂಟಿನ ವಿಷಯ. ಸೂಪರ್ ಗ್ಲೂ ಬೇಡ. ಬೇಗ ಹಿಡಿಯುತ್ತದೆ, ಆದರೆ ಇಷ್ಟು ಬಲಕ್ಕೆ ನಿಧಾನವಾಗಿ ಜಾರುತ್ತದೆ ಅಥವಾ ಸಿಡಿದು ಬಿಡುತ್ತದೆ. ಗಟ್ಟಿಯಾಗಿ ಕೂರುವ ಎಪಾಕ್ಸಿ ತೆಗೆದುಕೊಳ್ಳಿ. ಫೈಬರ್‌ನ ಅಕ್ರಿಲೇಟ್ ಹೊದಿಕೆ ಮೆತ್ತಗಿರುತ್ತದೆ, ಅದರ ಮೇಲೆ ಅಂಟಿಸಿದರೆ ಬಲ ಗಾಜಿಗೆ ತಲುಪುವುದಿಲ್ಲ. ಹಾಗಾಗಿ ಅಂಟುವ ಭಾಗ ಬರೀ ಗಾಜು ಇರಲಿ, ಅಥವಾ ಪಾಲಿಇಮೈಡ್ ಹೊದಿಕೆ ಇರಲಿ. ಬರೀ ಗಾಜನ್ನು ಮುಟ್ಟಲು ನೀವು ಹೆದರುವುದು ಸಹಜ. ಕೂರಿಸುವವರೆಗೆ ಜೋಪಾನ ಮಾಡಿದರೆ ಸಾಕು, ಆಮೇಲೆ ಅದು ಯಾವಾಗಲೂ ಒತ್ತಡದಲ್ಲೇ ಇರುತ್ತದೆ. ಅಂಟು ಗ್ರೇಟಿಂಗ್‌ಗಿಂತ ಉದ್ದ ಇರಲಿ. 10 ಮಿ.ಮೀ. ಗ್ರೇಟಿಂಗ್‌ಗೆ 40 ಮಿ.ಮೀ. ಅಂಟಿಸಿ, ಗ್ರೇಟಿಂಗ್ ಸರಿಯಾಗಿ ನಡುವೆ ಬರಲಿ. ತುದಿಗಳಲ್ಲಿ ಬಲ ನಿಧಾನವಾಗಿ ಏರುತ್ತದೆ, ಆ ಏರುವ ಭಾಗ ಗ್ರೇಟಿಂಗ್ ಮೇಲೆ ಬರಬಾರದು. ಗುಳ್ಳೆ ಬಿಡಬೇಡಿ. ಒಂದು ಗುಳ್ಳೆ ಇದ್ದರೂ ಫೈಬರ್ ಅಲ್ಲಿ ಬಳುಕಲು ನೋಡುತ್ತದೆ, ಶಿಖರ ಎರಡಾಗಿ ಒಡೆಯುತ್ತದೆ. ಅಂಟು ಒಂದು ಬದಿಯಿಂದ ಜಾಸ್ತಿ ಅಮುಕಿದರೂ ಶಿಖರ ಎರಡಾಗುತ್ತದೆ, ಆದರೆ ಕಾರಣ ಬೇರೆ. ಆಗ ಬೆಳಕಿನ ಎರಡು ಧ್ರುವೀಕರಣಗಳಿಗೆ ಸೂಚ್ಯಂಕ ಬೇರೆ ಬೇರೆ ಆಗಿರುತ್ತದೆ. ಪೋಲರೈಸೇಶನ್ ಕಂಟ್ರೋಲರ್ ತಿರುಗಿಸಿ ನೋಡಿ. ಎರಡು ಶಿಖರಗಳ ಎತ್ತರ ಅದಲುಬದಲಾದರೆ ಕಾರಣ ಅಮುಕು. ಏನೂ ಆಗದಿದ್ದರೆ ಗುಳ್ಳೆ.

ಹೊಸ ಗ್ರೇಟಿಂಗ್ ತರಿಸುವಾಗ ಒಂದು ಮಾತು ಮರೆಯಬೇಡಿ. ಒತ್ತಿದರೆ ತರಂಗಾಂತರ ಕೆಳಕ್ಕೆ ಮಾತ್ರ ಹೋಗುತ್ತದೆ. 1546ರಿಂದ 1556 ಬೇಕು ಅಂದರೆ ಗ್ರೇಟಿಂಗ್ 1556ಕ್ಕಿಂತ ಮೇಲಿರಬೇಕು. ಎಷ್ಟು ಮೇಲೆ? ಎಪಾಕ್ಸಿಯನ್ನು 60 ಡಿಗ್ರಿಯಲ್ಲಿ ಗಟ್ಟಿ ಮಾಡಿದರೆ ತಣ್ಣಗಾಗುವಾಗ ಉಕ್ಕು ಕುಗ್ಗಿ ಫೈಬರನ್ನು ಒತ್ತಿಬಿಡುತ್ತದೆ. ಅದರಿಂದಲೇ ಅರ್ಧ ನ್ಯಾನೊಮೀಟರ್ ಹೋಗುತ್ತದೆ, ಪ್ಲಾಸ್ಟಿಕ್ ಮತ್ತು ಅಂಟು ಸೇರಿದರೆ ಇನ್ನೂ ಜಾಸ್ತಿ. 1557.5 ಕೇಳಿ, ನೆಮ್ಮದಿಯಾಗಿರುತ್ತೀರಿ. ಬರೆಯುವವರಿಗೆ ಇದು ಕಷ್ಟವಲ್ಲ. ಫೇಸ್ ಮಾಸ್ಕ್‌ನಲ್ಲಿ, ಅಂದರೆ ಗೆರೆ ಕೊರೆದ ಗಾಜಿನ ಅಚ್ಚಿನ ಮೂಲಕ, ಬರೆದರೆ ಪಟ್ಟಿಗಳ ಅಂತರ ಮಾಸ್ಕ್‌ನ ಅಂತರದ ಅರ್ಧ, ಅದು ಮಾಸ್ಕ್‌ಗೆ ನಿಗದಿ. ಆದರೂ ಫೈಬರನ್ನು ಸ್ವಲ್ಪ ಎಳೆದು ಹಿಡಿದು ಬರೆದು ಆಮೇಲೆ ಬಿಟ್ಟರೆ ತರಂಗಾಂತರ ಕೆಳಗಿಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದುಕೊಂಡು ಬೇಕಾದ ಸಂಖ್ಯೆ ಮುಟ್ಟುತ್ತಾರೆ. 1989ರಲ್ಲಿ ಮೆಲ್ಟ್ಜ್ ಮತ್ತಿಬ್ಬರು ತೋರಿಸಿದ ಎರಡು ಕಿರಣಗಳ ವಿಧಾನದಲ್ಲಿ ಕಿರಣಗಳ ನಡುವಿನ ಕೋನ ಬದಲಿಸಿದರೆ ಸಾಕು. ನಮ್ಮ ದೇಶದಲ್ಲೂ ಬರೆಯುತ್ತಾರೆ. ಇಂದೋರ್‌ನ ರಾಜಾ ರಾಮಣ್ಣ ಕೇಂದ್ರದಲ್ಲಿ ತಾಮ್ರದ ಆವಿ ಲೇಸರ್‌ನಿಂದ ಪಡೆದ 255 ನ್ಯಾನೊಮೀಟರ್ ಬೆಳಕಿನಲ್ಲಿ ಬರೆದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರೇಟಿಂಗ್‌ಗಳನ್ನು ಸಂವೇದಕಗಳಾಗಿ ಬಳಸುವ ಕೆಲಸ ವರ್ಷಗಳಿಂದ ನಡೆದಿದೆ. ಅವರು ಗ್ರೇಟಿಂಗ್ ಸರಿದದ್ದನ್ನು ನೋಡಿ ಅಳೆಯುತ್ತಾರೆ, ನೀವು ಅದನ್ನೇ ಬೇಕೆಂದು ಸರಿಸುತ್ತೀರಿ. ಅಂಟಿಸುವ ಕೈಚಳಕ ಕಲಿಯಲು ಅಂಥ ಒಂದು ಲ್ಯಾಬ್‌ನಲ್ಲಿ ಎರಡು ದಿನ ಕೂತರೂ ಬಹಳ ಸಹಾಯ ಆಗುತ್ತದೆ.

ಬಾಗುಪಟ್ಟಿಯ ಕೊರತೆಗಳನ್ನೂ ಹೇಳಬೇಕು. ಬಿಸಿಗೆ ಅದು ಬರೀ ಫೈಬರ್‌ಗಿಂತ ಜಾಸ್ತಿ ಓಡುತ್ತದೆ. ಉಕ್ಕಿನ ಹಿಗ್ಗುವಿಕೆ ಸೇರಿದರೇ ಡಿಗ್ರಿಗೆ 24 ಪಿಕೊಮೀಟರ್ ಹತ್ತಿರ ಆಗುತ್ತದೆ, ಪ್ಲಾಸ್ಟಿಕ್ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಫ್ಯಾನ್ ಕೆಳಗಿಟ್ಟು ಅಳೆಯಬೇಡಿ, ಒಂದು ಮುಚ್ಚಳದ ಪೆಟ್ಟಿಗೆಯೊಳಗಿಡಿ. ಎರಡನೆಯದು, ಪಾಲಿಕಾರ್ಬೊನೇಟ್ ಬಹಳ ಹೊತ್ತು ಬಾಗಿದ್ದರೆ ನಿಧಾನವಾಗಿ ಸೋಲುತ್ತದೆ. ರಾತ್ರಿ ಮನೆಗೆ ಹೋಗುವಾಗ ಮೈಕ್ರೊಮೀಟರ್ ಸಡಿಲ ಬಿಟ್ಟು ಹೋಗಿ. ಮೂರನೆಯದು ವೇಗ. ಕೈಯಲ್ಲಿ ತಿರುಗಿಸಿದರೆ ಸೆಕೆಂಡುಗಳು ಬೇಕು.

ವೇಗ ಬೇಕಿದ್ದರೆ ಪೀಜೊ, ಅಂದರೆ ವೋಲ್ಟೇಜ್ ಕೊಟ್ಟರೆ ಹಿಗ್ಗುವ ಸೆರಾಮಿಕ್. ಸೆಕೆಂಡಿಗೆ ಸಾವಿರ ಸಲ ಆಡಿಸಬಹುದು. ಆದರೆ ಪೀಜೊ ಕಂಬ ತನ್ನ ಉದ್ದದ 0.1% ಮಾತ್ರ ಹಿಗ್ಗುತ್ತದೆ. ಅಷ್ಟೇ ಉದ್ದದ ಫೈಬರ್ ಕಟ್ಟಿದರೆ 1.2 ನ್ಯಾನೊಮೀಟರ್. ಪೀಜೊ ಉದ್ದ, ಫೈಬರ್ ಗಿಡ್ಡ ಇಟ್ಟು ನಾಲ್ಕು ಪಟ್ಟು ಪಡೆಯಬಹುದು. ಏರುವಾಗ ಒಂದು ದಾರಿ, ಇಳಿಯುವಾಗ ಇನ್ನೊಂದು ದಾರಿ ಹಿಡಿಯುವುದು ಅದರ ಗುಣ. ವೋಲ್ಟೇಜ್ ನೋಡಿ ತರಂಗಾಂತರ ಹೇಳಲು ಆಗುವುದಿಲ್ಲ. ಬೇರೆಯಾಗಿ ಅಳೆದು ತಿದ್ದುವ ಏರ್ಪಾಡು ಬೇಕೇ ಬೇಕು. ಬಾಗುಪಟ್ಟಿಯಲ್ಲಿ ದೊಡ್ಡ ಹೆಜ್ಜೆ, ಪೀಜೊದಲ್ಲಿ ಸಣ್ಣ ಹೆಜ್ಜೆ ಅಂತ ಎರಡನ್ನೂ ಸೇರಿಸಿದರೆ ತುಂಬಾ ಒಳ್ಳೆಯ ಸಾಧನವಾಗುತ್ತದೆ.

ಇನ್ನುಳಿದ ವಿಧಾನಗಳು ನಿಮಗೆ ಬೇಕಾಗಲಾರವು. ಕಾಂತಕ್ಕೆ ಹಿಗ್ಗುವ ಲೋಹ ಬಳಸಬಹುದು, ಹಿಗ್ಗು ಪೀಜೊದಷ್ಟೇ ಆಸುಪಾಸು. ಎಣ್ಣೆಯ ಒತ್ತಡದಲ್ಲಿಟ್ಟರೆ ಒಂದು ಮೆಗಾಪಾಸ್ಕಲ್‌ಗೆ 3 ಪಿಕೊಮೀಟರ್ ಇಳಿಯುತ್ತದೆ ಅಷ್ಟೇ. ದೀರ್ಘ ಅಂತರದ ಗ್ರೇಟಿಂಗ್‌ಗಳು ಬೇರೆ ಜಾತಿ. ಅವುಗಳ ಪಟ್ಟಿಗಳ ಅಂತರ ನೂರಾರು ಮೈಕ್ರಾನ್, ಬೆಳಕನ್ನು ಹಿಂದಕ್ಕೆ ಕಳಿಸದೆ ಹೊರಕವಚಕ್ಕೆ ದಾಟಿಸುತ್ತವೆ. ಅವನ್ನು ಸುತ್ತಲಿನ ದ್ರವ ಬದಲಿಸಿಯೂ ಸರಿಸಬಹುದು, ಆದರೆ ಅವು ಆರಿಸುವ ತರಂಗಾಂತರಗಳ ವ್ಯಾಪ್ತಿ ತೀರಾ ಅಗಲ, ನಿಮ್ಮ ಲೇಸರ್‌ಗೆ ಆಗಿಬರುವುದಿಲ್ಲ.

ಕೆಲಸ ಶುರು ಮಾಡುವಾಗ ಒಳ್ಳೆಯ ಗ್ರೇಟಿಂಗ್ ಕೂರಿಸಬೇಡಿ. ಮೊದಲು ಸಾದಾ ಫೈಬರ್ ತುಂಡು ಅಂಟಿಸಿ, ಪೂರ್ತಿ 5.8 ಮಿ.ಮೀ. ತಳ್ಳಿ, ನೂರು ಸಲ ಹೋಗಿ ಬನ್ನಿ. ಕೆಂಪು ಲೇಸರ್ ಬಿಟ್ಟು ಕತ್ತಲೆಯಲ್ಲಿ ನೋಡಿ. ಎಲ್ಲಾದರೂ ಬೆಳಕು ಸೋರುತ್ತಿದ್ದರೆ ಅಲ್ಲಿ ಬಳುಕಿದೆ ಅಥವಾ ಮುರಿದಿದೆ. ಎಲ್ಲ ಸರಿಯಾಗಿದ್ದರೆ ಗ್ರೇಟಿಂಗ್ ಕೂರಿಸಿ. ಅರ್ಧ ಅರ್ಧ ಮಿ.ಮೀ.ಗೆ ನಿಂತು ಶಿಖರದ ಜಾಗ, ಎತ್ತರ, ಅಗಲ ಮೂರನ್ನೂ ಬರೆದುಕೊಳ್ಳಿ, ಹೋಗುವಾಗಲೂ ಬರುವಾಗಲೂ. ಲೇಸರ್‌ಗೆ ಜೋಡಿಸುವುದು ಆಮೇಲೆ. ಅಗಲದ ಸಂಖ್ಯೆಗಳು ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಇದ್ದರೆ ಆ ಸಂಖ್ಯೆಗಳನ್ನು ನನಗೂ ಕಳಿಸಿ, ನೋಡಬೇಕೆನ್ನಿಸಿದೆ.